ಬೀಗಿತ್ತಿ ಒಪ್ಪಿದ ಮಂಜು

ಸಕಲೇಶಪುರದ ಮಂಜು ಒಂದೇ ತರದ್ದಲ್ಲ. ಹೊಳೆ ಮಂಜು ಬೇರೆ, ಗುಡ್ಡದ ಮಂಜು ಬೇರೆ. ಬೆಳಗ್ಗೆ ಹೇಮಾವತಿ ಸೇತುವೆ ಮೇಲೆ ನಿಂತರೆ ಮಂಜು ಕೆಳಗಿನಿಂದ ಅನ್ನದ ತಪ್ಪಲೆ ಹಬೆ ಹಂಗೆ ನಿಧಾನಕ್ಕೆ ಏಳುತ್ತೆ. ಕೋಟೆ ಮೇಲಿನದು ಹಂಗಲ್ಲ. ಅದು ಗಾಳಿ ಜೊತೆ ಬಂದು ಎದುರಿಗೆ ನಿಂತೋರ ಕಾಲು ನುಂಗಿ ತಲೆ ಮಾತ್ರ ಉಳಿಸುತ್ತೆ. ಬಿಸಿಲೆ ಘಾಟಿನ ಮಂಜಿಗಂತೂ ಬರೀ ತಮಾಷೆ. ಕ್ಯಾಮೆರಾ ಚೀಲದಲ್ಲಿ ಇರೋವರೆಗೂ ಬೆಟ್ಟ ಎಲ್ಲಾ ತೋರಿಸ್ತಾ ಇರುತ್ತೆ, ಹೊರಗೆ ತೆಗೆದ್ರೋ, ಧಡ್ ಅಂತ ಬಾಗಿಲು ಹಾಕ್ಕೊಂಡುಬಿಡುತ್ತೆ.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಅರಸೀಕೆರೆ ಕಡೆಯವಳು. ನಮ್ಮ ಕಡೆ ಬೆಳಗಾಗೆದ್ದು ಬೆಳ್ಳಗೆ ಏನಾದ್ರೂ ಕಂಡ್ರೆ ಅದು ಒಲೆ ಹೊಗೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮ ಯಜಮಾನರದ್ದು ಪೇಟೆಯಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ಗಂಡಿನ ಕಡೆಯವರಿಗೆ ಕಳಿಸೋದಕ್ಕೆ ಅಂತ ಫೋಟೋ ತೆಗೆಸೋಕೆ ಬರ್ತಿದ್ದ ಹುಡುಗೀರ ಸೆರಗು ಸರಿ ಮಾಡೋದು ನನ್ನ ಕೆಲಸ. ಆ ಹುಡುಗೀರು ನನ್ನ ಜೊತೆ ಕಿಲಕಿಲ ಅಂತ ನಗ್ತಿದ್ರು, ಯಜಮಾನರು ಕ್ಯಾಮೆರಾ ಹಿಂದೆ ಬಂದು ನಿಂತ ತಕ್ಷಣ ಗೋಡೆಗೆ ಒರಗಿಸಿದ ಹಲಗೆ ಹಂಗೆ ಆಗ್ಬಿಡೋರು. ಒಂದು ದಿನ ಅವರು ರೇಗಿಹೋಗಿ, "ತಗೋ, ನೀನೇ ಹೊಡಿ" ಅಂತ ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ವಾಪಸ್ ಕೇಳಿದಾಗ ನಾನು ಕೊಡಲಿಲ್ಲ. ಆಮೇಲೆ ಬೆಳಗ್ಗೆ ಹಾಲು ತರೋಕೆ ಅಂತ ಹೋದೋಳು ಹಾಲು ಮರೆತು ಮಂಜಿನ ಫೋಟೋ ಹಿಡ್ಕೊಂಡು ಬರೋದು, ಅವರು ಕರೀ ಕಾಫಿ ಕುಡ್ಕೊಂಡು ಗೊಣಗೋದು, ಹಿಂಗೇ ಎಷ್ಟೋ ವರ್ಷ ಕಳೀತು, ಮಗ ಬೆಳೆದ, ಅವನ ಮದುವೆನೂ ಆಯ್ತು.

ಎರಡು ಸಾವಿರದ ಇಸವಿ ಆಚೀಚೆ ಇರಬೇಕು, ನನಗೆ ಮೊಮ್ಮಗಳು ಹುಟ್ಟಿದಳು. ಅಯ್ಯೋ, ನನ್ನ ಸಂತೋಷ ಏನು ಹೇಳಲಿ! ಬಸ್ ಸ್ಟ್ಯಾಂಡಿಗೆಲ್ಲ ಹೇಳಿಕೊಂಡು ಬಂದೆ. ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಬಂದೋರನ್ನೂ ಬಿಡಲಿಲ್ಲ. "ಗದ್ದ ಸ್ವಲ್ಪ ಮೇಲೆ ಮಾಡಿ, ನಂಗೆ ಮೊಮ್ಮಗಳು ಹುಟ್ಟಿದ್ಲು, ಈಗ ಅಲ್ಲಾಡಬೇಡಿ" ಅಂತಿದ್ದೆ. ಆ ದಿನಗಳಲ್ಲಿ ತೆಗೆದ ಫೋಟೋದಲ್ಲಿ ಎಲ್ಲರೂ ನಗ್ತಾ ಇದಾರೆ.

ಸೊಸೆಯ ತವರು ಹೆತ್ತೂರು ಹತ್ತಿರ. ಅಲ್ಲಿ ಅವರಿಗೆ ಸಣ್ಣದೊಂದು ಕಾಫಿ ತೋಟ. ಮೊದಲನೇ ಬಾಣಂತನ ಆದ್ದರಿಂದ ತಾಯಿ ಮಗು ಅಲ್ಲೇ ಇದ್ದರು. ನಾನು ಓಡಿದೆ. ಬಾಗಿಲಲ್ಲೇ ಬೀಗಿತ್ತಿ, ಅಂದ್ರೆ ನನ್ನ ಸೊಸೆಯ ತಾಯಿ, ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದರು.

"ಬನ್ನಿ ಬೀಗ್ರೇ. ಆ ಚೀಲದಾಗೆ ಏನೈತೆ?"

"ಮಗೀಗೆ ಕುಲಾವಿ, ಸ್ವೆಟರು."

"ಅದ್ರ ಕೆಳಗೆ?"

ನಾನು ಚೀಲ ಬೆನ್ನ ಹಿಂದಕ್ಕೆ ಸರಿಸಿದೆ.

"ಕ್ಯಾಮೆರಾ ತಾನೇ? ಅದನ್ನ ಹಂಗೇ ಮುಚ್ಚಿಡಿ. ಜವಳ ತೆಗೆಸೋಗಂಟ ಮಗೀನ ಫೋಟೋ ಹಿಡಿಯಂಗಿಲ್ಲ. ಆಯಸ್ಸು ಕಮ್ಮಿ ಆಯ್ತದೆ."

"ಅಲ್ಲ ಬೀಗ್ರೇ, ಈ ತಾಲ್ಲೂಕಿನ ಅರ್ಧ ಮಕ್ಕಳ ಫೋಟೋ ನಾನೇ ಹಿಡಿದಿರೋದು. ಎಲ್ಲಾ ಕಲ್ಲುಗುಂಡು ಹಂಗೆ ಓಡಾಡ್ತಾವೆ."

"ಅವು ಬ್ಯಾರೇಯೋರ ಮಕ್ಕಳು. ಬ್ಯಾರೇಯೋರ ಮಕ್ಕಳಿಗೆ ಏನೂ ಆಗಾಕಿಲ್ಲ."

ಚೀಲ ಮೂಲೆಗಿಟ್ಟು ಒಳಗೆ ಹೋಗಿ ಮಗು ಎತ್ತಿಕೊಂಡೆ. ಅದು ನನ್ನ ಮುಖ ನೋಡಿ ಆಕಳಿಸಿತು. ಆಕಳಿಸಿದ್ದೂ ಎಷ್ಟು ಚಂದ ಅಂತೀರಿ!

ಅದಾದ ಮೇಲೆ ನಾನು ಹೋದಾಗಲೆಲ್ಲ ಮಗು ಬೆಳೀತಾ ಇತ್ತು, ಕ್ಯಾಮೆರಾ ಚೀಲದಲ್ಲೇ ಇತ್ತು. ನಗೋಕೆ ಶುರು ಮಾಡ್ತು ನೋಡಿ, ಆಗ ನನ್ನ ಕೈ ತಾನಾಗೇ ಚೀಲಕ್ಕೆ ಹೋಗೋದು. ಬಾಯಿ ಅಗಲಿಸಿ, ಕೆಂಪು ವಸಡು ಎಲ್ಲಾ ತೋರಿಸಿ, ಕಣ್ಣು ಮುಚ್ಚಿ ನಗೋದು. ಆ ಬೊಚ್ಚುಬಾಯಿ ಎಷ್ಟು ದಿನ ಇರುತ್ತೆ? ಜವಳದ ಹೊತ್ತಿಗೆ ಹಲ್ಲು ಬಂದಿರುತ್ತೆ. ಆಗಲೇ ಜೊಲ್ಲು ಸುರಿಸ್ತಾ ಇತ್ತು, ಸಿಕ್ಕಿದ್ದನ್ನೆಲ್ಲ ಕಡೀತಾ ಇತ್ತು. ನನ್ನ ಬೆರಳು ಕಚ್ಚಿದಾಗೆಲ್ಲ ವಸಡು ಗಟ್ಟಿ ಆಗ್ತಾ ಇದೆ ಅಂತ ಗೊತ್ತಾಗೋದು. ಮಗು ಬೆಳೆದರೆ ಸಂತೋಷಪಡೋ ಅಜ್ಜೀರನ್ನ ನೋಡಿದೀನಿ. ನಾನು ಮಾತ್ರ ಬೆರಳು ಕೊಟ್ಟುಕೊಂಡು, "ಇನ್ನೊಂದು ಸ್ವಲ್ಪ ದಿನ ತಡಿ ನನ್ನ ಬಂಗಾರಿ" ಅಂತಿದ್ದೆ.

ಐದನೇ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ತಾಯಿ ಮಗೂನ ನಮ್ಮನೆಗೆ ಕರ್ಕೊಂಡು ಬರೋದು ಅಂತ ಆಯ್ತು. ಹಿಂದಿನ ದಿನವೇ ನಾನೂ ನನ್ನ ಮಗನೂ ಜೀಪ್ ತಗೊಂಡು ಹೋದೆವು. ಸಂಜೆ ಬೀಗಿತ್ತಿ ಎಲೆ ಅಡಿಕೆ ಹಾಕ್ಕೊಂಡು ಸಮಾಧಾನವಾಗಿ ಕೂತಿದ್ದಾಗ ಮೆಲ್ಲಗೆ ಮಾತು ತೆಗೆದೆ.

"ಬೀಗ್ರೇ, ಮುಖ ಕಂಡ್ರೆ ತಾನೇ ದೃಷ್ಟಿ ಆಗೋದು?"

"ಹ್ಞೂಂ."

"ಮಂಜಿನಲ್ಲಿ ನಿಲ್ಲಿಸಿ ಹಿಡಿದ್ರೆ? ಮುಖ ಎಲ್ಲಿ ಕಾಣುತ್ತೆ?"

ಅವರು ಅಗಿಯೋದು ನಿಲ್ಲಿಸಿದರು. ನನ್ನ ಸೊಸೆ ಆ ಕಡೆ ತಿರುಗಿ ನಗು ನುಂಗಿದಳು.

"ಕಾಣಬಾರ್ದು ಮತ್ತೆ."

"ಕಾಣಲ್ಲ."

"ಮಂಜು ಸಾಕೋ ಸಾಲ್ದೋ ಅನ್ನೋದು ನಾನು ಹೇಳೋಳು. ಮಗೀನ ಎತ್ಕೊಳ್ಳೋಳೂ ನಾನೇ."

"ಆಗ್ಲಿ ಬೀಗ್ರೇ, ಆಗ್ಲಿ."

ನನ್ನ ಲೆಕ್ಕ ಬೇರೆ ಇತ್ತು. ಇಲ್ಲಿನ ಮಂಜು ಒಂದು ಕಡೆ ನಿಲ್ಲೋದಲ್ಲ. ಗಟ್ಟಿಯಾಗಿ ಇರುತ್ತೆ, ಇದ್ದಕ್ಕಿದ್ದಂತೆ ಒಂದು ಗಳಿಗೆ ಕಿಟಕಿ ತೆರೆದ ಹಂಗೆ ತೆರೆಯುತ್ತೆ. ಆ ಗಳಿಗೆಯಲ್ಲಿ ಮಗು ನಕ್ಕರೆ ಸಾಕು. ಹೆತ್ತೂರಿಂದ ಸಕಲೇಶಪುರದ ದಾರಿಯಲ್ಲಿ ಅಂಥಾ ಜಾಗ ಎಲ್ಲೆಲ್ಲಿದಾವೆ ಅಂತ ನನಗೆ ಗೊತ್ತು. ಇಷ್ಟು ವರ್ಷ ಹಾಲು ಮರೆತಿದ್ದು ಸುಮ್ಮನೆ ಅಲ್ಲ.

ಬೆಳಗ್ಗೆ ರಾಹುಕಾಲಕ್ಕೆ ಮೊದಲೇ ಹೊರಟೆವು. ಬೀಗಿತ್ತಿ ಮಗೂಗೆ ಸ್ವೆಟರು, ಕುಲಾವಿ, ಮೇಲೆ ಶಾಲು, ಅದರ ಮೇಲೆ ಕಂಬಳಿ ಸುತ್ತಿದ್ದರು.

ಮೊದಲು ಒಂದು ಎಸ್ಟೇಟಿನವರು ಕಾಫಿ ಒಣಗಿಸೋ ಕಣದ ಹತ್ತಿರ ಮಗನಿಗೆ ಹೇಳಿ ಜೀಪ್ ನಿಲ್ಲಿಸಿದೆ. ಬೆಳಗಿನ ಹೊತ್ತು ಅಲ್ಲಿ ಮಂಜು ಹಣ್ಣಿನ ರಾಶಿ ಮೇಲೆ ತೆಳ್ಳಗೆ ಮಲಗಿರುತ್ತೆ. ಬೀಗಿತ್ತಿ ಇಳಿದು ನಾಲ್ಕೂ ಕಡೆ ನೋಡಿದರು.

"ಇದಾ? ಅಲ್ಲಿ ಮಲಗಿರೋ ನಾಯಿ ಬಾಲ ಕಾಣ್ತಾ ಐತೆ. ಮಗು ಕಾಣಾಕಿಲ್ವಾ? ಹತ್ತಿ, ಹತ್ತಿ."

ಎರಡನೇದು ರಸ್ತೆ ತಿರುವಿನಲ್ಲಿ ಒಂದು ಬಸ್ ತಂಗುದಾಣ. ಎರಡು ಗುಡ್ಡದ ಮಧ್ಯೆ ಇರೋದರಿಂದ ಮಂಜು ಅಲ್ಲಿ ಬಸ್ಸಿಗೆ ಕಾದು ಕೂತ ಹಂಗೆ ಕೂತಿರುತ್ತೆ. ಅವತ್ತು ಎಷ್ಟು ಗಟ್ಟಿ ಇತ್ತು ಅಂದ್ರೆ ತಂಗುದಾಣವೇ ಕಾಣಲಿಲ್ಲ. ಬೀಗಿತ್ತಿ ಮಗು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಖುಷಿಯಾದ ಧ್ವನಿ ಬಂತು.

"ಇದು ಒಳ್ಳೇ ಜಾಗ ಕಣ್ರೀ! ಹೊಡೀರಿ, ಎಷ್ಟು ಬೇಕಾದ್ರೂ ಹೊಡೀರಿ!"

"ಎಲ್ಲಿದೀರಿ ನೀವು?"

"ಇಲ್ಲೇ, ನಿಮ್ಮ ಮುಂದೇನೆ!"

ನನ್ನ ಮಗ ಜೀಪಿನಲ್ಲೇ ಕೂತು, "ಅಮ್ಮ, ಮನೆಯಲ್ಲಿ ಸುಣ್ಣ ಹೊಡೆದ ಗೋಡೆ ಐತಲ್ಲ, ಅದನ್ನೇ ಹಿಡಿ, ರೀಲ್ ಉಳಿಯುತ್ತೆ" ಅಂದ. ಅವನಿಗೆ ನಗು, ನನಗೆ ಸಿಟ್ಟು.

ಮೂರನೇದು ಕೆರೆ ಏರಿ. ಅದು ನನ್ನ ಪ್ರಾಣದಂಥ ಜಾಗ. ನೀರಿನ ಮೇಲಿಂದ ಮಂಜು ಅಲೆ ಅಲೆಯಾಗಿ ಏರಿ ಹತ್ತಿ ಬಂದು, ರಸ್ತೆ ದಾಟಿ, ಆ ಕಡೆ ಗದ್ದೆಗೆ ಇಳಿದು ಹೋಗುತ್ತೆ. ಒಂದು ಅಲೆಗೂ ಇನ್ನೊಂದು ಅಲೆಗೂ ಮಧ್ಯೆ ನನಗೆ ಬೇಕಾದ ಕಿಟಕಿ. ಬೀಗಿತ್ತಿ ಕೈ ಚಾಚಿ ನೋಡಿದರು, ಬೆರಳು ಮಸುಕಾಯ್ತು. "ಪರವಾಗಿಲ್ಲ" ಅಂದರು. ನಾನು ಉಸಿರು ಹಿಡಿದು ನಿಂತೆ. ಕಂಬಳಿ ಒಳಗಿಂದ ಮಗು ಕೇಕೆ ಹಾಕೋದು ಕೇಳಿಸ್ತಾ ಇತ್ತು. ಮಂಜು ಸರಿಯಿತು. ಬಿಸಿಲು ಒಂದು ಚೂರು ಬಿತ್ತು. ಒತ್ತಿದೆ!

ಒತ್ತೋದಕ್ಕೂ ಬೀಗಿತ್ತಿ ಕಂಬಳಿ ಎಳೆದು ಮಗು ಮುಖ ಮುಚ್ಚೋದಕ್ಕೂ ಸರಿ ಹೋಯ್ತು.

"ಏನ್ ಬೀಗ್ರೇ ಇದು!"

"ಮಂಜು ಹೋಗ್ಬುಡ್ತಲ್ಲ, ಅದಕ್ಕೆ" ಅಂದರು, ಏನೂ ಆಗದೋರ ಹಂಗೆ.

ಆ ರೀಲಿನಲ್ಲಿ ಬೇರೆಯವರ ಫೋಟೋನೂ ಇದ್ದವು. ತೊಳೆಸೋಕೆ ಹಾಸನದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆ. ಬೀಗಿತ್ತಿ ಮಗು ಹೊಂದಿಕೊಳ್ಳಲಿ ಅಂತ ನಮ್ಮನೆಯಲ್ಲೇ ಉಳಿದಿದ್ದರು. ಪ್ರಿಂಟು ಬಂದ ದಿನ ಎಲ್ಲರೂ ಅಡುಗೆಮನೆಯಲ್ಲೇ ಸುತ್ತುಗಟ್ಟಿದೆವು. ಸುಳ್ಳು ಹೇಳಬಾರದು, ಅಂಥಾ ಫೋಟೋ ನಾನು ಅದುವರೆಗೂ ತೆಗೆದಿರಲಿಲ್ಲ. ಹಿಂದೆ ಬೆಳ್ಳಗೆ ಕೆರೆ, ಮುಂದೆ ಬೀಗಿತ್ತಿ. ಮೂಗುಬೊಟ್ಟು ಫಳಫಳ ಅಂತಿದೆ, ಹಣೆ ಕುಂಕುಮ ಎದ್ದು ಕಾಣ್ತಿದೆ. ಕೈಯಲ್ಲಿ ಕಂಬಳಿ ಗಂಟು.

ಬೀಗಿತ್ತಿ ಫೋಟೋನ ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ನಾನು ಹಿಂಗಿದೀನಾ?" ಅಂತ ಸಣ್ಣ ಧ್ವನಿಯಲ್ಲಿ ಕೇಳಿದರು. ಮದುವೆ ಮನೆಗಳಲ್ಲಿ ಹತ್ತು ಜನರ ಹಿಂದೆ ನಿಂತು ತೆಗೆಸಿದ್ದು ಬಿಟ್ಟರೆ ಅವರದ್ದು ಒಂದೂ ಫೋಟೋ ಇರಲಿಲ್ಲವಂತೆ. ನನಗೆ ಮನಸ್ಸು ಮೆತ್ತಗಾಯ್ತು. ಹೋಗಲಿ, ಬೊಚ್ಚುಬಾಯಿ ಸಿಗದಿದ್ದರೂ ಇದು ಸಿಕ್ಕಿತಲ್ಲ ಅಂದುಕೊಂಡೆ.

ಅಷ್ಟೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳ್ಕೊಂಡು ಬಂದಳು. ಅವಳೂ ಬಗ್ಗಿ ನೋಡಿದಳು.

"ಎಷ್ಟ್ ಲಕ್ಷಣವಾಗಿ ಬಂದಿದೀರಕ್ಕ! ಆದ್ರೆ ಕೈಯಾಗೆ ಏನದು, ಕಾಫಿ ಮೂಟೆನಾ?"

ಬೀಗಿತ್ತಿ ಮುಖ ಕೆಂಪಗಾಯ್ತು.

"ಮೂಟೆ ಅಲ್ಲ ಕಣಮ್ಮ, ನಮ್ಮ ಮೊಮ್ಮಗಳು!"

"ಹೌದಾ? ಎಲ್ಲಿ, ಕಾಣೋದೇ ಇಲ್ವಲ್ಲ. ನೋಡೋಕೆ ಹೆಂಗಿದಾಳೆ ಅಂತಾನೇ ಗೊತ್ತಾಗಲ್ಲ."

ಅವಳು ಮಜ್ಜಿಗೆ ತಗೊಂಡು ಹೋದಳು. ಬೀಗಿತ್ತಿ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಆಗಾಗ ಹೋಗಿ ಫೋಟೋ ನೋಡೋರು, ತೊಟ್ಟಿಲು ನೋಡೋರು. ಕೊನೆಗೆ ನನ್ನ ಹತ್ತಿರ ಬಂದು ನಿಂತರು.

"ಬೀಗ್ರೇ, ನಾಳೆ ಒಂದು ಹಿಡೀರಿ. ಮುಖ ಕಾಣೋ ಹಂಗೆ. ಇಂಥಾ ಮಗೀನ ಮೂಟೆ ಅಂದ್ಬುಟ್ಲಲ್ಲ ಅವಳು!"

"ಆಯಸ್ಸು?"

"ಒಂದು ದೊಡ್ಡ ಬೊಟ್ಟು ಇಡ್ತೀನಿ."

ಮಾರನೇ ದಿನ ಬೆಳಗ್ಗೆ ಸೇತುವೆಗೆ ಹೋದೆವು, ಮಗೂನ ಸೊಸೆ ಎತ್ಕೊಂಡಿದ್ದಳು. ಮಗು ಕೆನ್ನೆ ಮೇಲೆ ಕಾಡಿಗೆ ಬೊಟ್ಟು, ಹೆಂಚಿನ ಮೇಲೆ ಹುಯ್ದ ದೋಸೆ ಅಷ್ಟಗಲ. ಇನ್ನು ಮಂಜು ನೋಡಿ, ಕಣದ ಹತ್ತಿರ ಬೇಕು ಅಂದಾಗ ತೆಳ್ಳಗಿತ್ತು, ಅವತ್ತು ಹೊಳೆ ಮೇಲೆ ಹಾಸಿಗೆ ಹಾಕ್ಕೊಂಡು ಮಲಗಿಬಿಟ್ಟಿತ್ತು. ಬೀಗಿತ್ತಿಗೆ ತಡೆಯೋಕಾಗಲಿಲ್ಲ. "ಥೂ, ಈ ಹಾಳು ಮಂಜು ಯಾವಾಗ ಹೋಯ್ತದೆ ಮಾರಾಯ್ತಿ? ಏನೂ ಕಾಣಾಕಿಲ್ಲ!" ಅಂತ ಸೆರಗಿನಿಂದ ಬೀಸೋಕೆ ಶುರು ಮಾಡಿದರು. ಹೊಳೆ ಮಂಜನ್ನ ಸೆರಗಿನಲ್ಲಿ ಓಡಿಸೋ ಹೆಂಗಸನ್ನ ಮಗು ಮೊದಲನೇ ಸಾರಿ ನೋಡಿದ್ದು. ಕುಲಾವಿ ಜಾರಿ ಬೀಳೋ ಹಂಗೆ ತಲೆ ಹಿಂದಕ್ಕೆ ಹಾಕಿ, ವಸಡೆಲ್ಲ ಬಿಟ್ಟು, ಕಿರುಚಿ ನಕ್ಕಿತು.

ಮಂಜು ಇತ್ತೋ ಹೋಗಿತ್ತೋ ನನಗೆ ನೆನಪಿಲ್ಲ. ಒತ್ತಿದೆ. ಮತ್ತೆ ಒತ್ತಿದೆ. ಬೀಗಿತ್ತಿ ಬೀಸ್ತಾನೇ ಇದ್ದರು, ಮಗು ನಗ್ತಾನೇ ಇತ್ತು, ರೀಲ್ ಮುಗಿಯೋವರೆಗೂ ನಾನು ಬಿಡಲಿಲ್ಲ.

"ಮುಗೀತಾ? ಇಷ್ಟೇನಾ?" ಅಂದರು ಅವರು, ಏದುಸಿರು ಬಿಡ್ತಾ.

ಆಮೇಲೆ ಎರಡೂ ಕೈಯಲ್ಲಿ ಮಗು ತಲೆ ಸವರಿ, ಬೆರಳು ತಮ್ಮ ಹಣೆಗೆ ಒತ್ತಿಕೊಂಡು ಲಟಲಟ ಅಂತ ನೆಟಿಗೆ ಮುರಿದರು. ಒಂದು ಗಳಿಗೆ ಯೋಚನೆ ಮಾಡಿ ನನ್ನ ಕ್ಯಾಮೆರಾಕ್ಕೂ ಹಂಗೇ ಸವರಿ ನೆಟಿಗೆ ಮುರಿದರು. ಒಳಗೆ ಮಗು ಐತಲ್ಲ, ಅಂದರು.