ಹರಳಿನ ಮೇಲಿನ ಕೆಂಪು ಚುಕ್ಕೆ

ಚಿಕ್-ಪುಸ್, ಚಿಕ್-ಪುಸ್. ಗೋಡೆಯಾಚೆ ತಂಪು ಯಂತ್ರ ಉಸಿರಾಡುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತ ಹರಳಮ್ಮನಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಆ ಬೆಳಿಗ್ಗೆ ಮಾತ್ರ ಒಂದೊಂದು ಬಡಿತವೂ ಕೇಳಿಸಿತು. ಮೈಕ್ರೋಸ್ಕೋಪಿನ ಕೆಳಗೆ ಹರಳಿನ ಚೂರು ನೀಲಿಯಾಗಿ ಕಾಣುತ್ತಿತ್ತು. ಹಳದಿಯಾಗಿ ಕಾಣಬೇಕಿತ್ತು.

ಹರಳಮ್ಮ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಅಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಚಿಮುಟ ಹಿಡಿದಾಗ ಉಸಿರು ಬಿಗಿಹಿಡಿಯುವುದನ್ನು ಅವರಿಂದ ಕಲಿತಳು. ಎಳ್ಳುಕಾಳಿನಷ್ಟೇ ಇರುವ ಕಪ್ಪು ಹರಳುಗಳನ್ನು ಕತ್ತರಿಸಿ, ಉಜ್ಜಿ, ಕೂದಲೆಳೆಯಂಥ ಚಿನ್ನದ ತಂತಿಗಳನ್ನು ಬೆಳ್ಳಿಯ ಅಂಟಿನಲ್ಲಿ ಕೂರಿಸಿ ಕೊಡುವುದು ಆಕೆಯ ಕೆಲಸ. ತಾಮ್ರ, ಆಮ್ಲಜನಕ ಬೆರೆತ ಹರಳುಗಳು ಅವು. ಸಾಕಷ್ಟು ತಣ್ಣಗಾದರೆ ಒಳಗಿನ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ, ಎಲ್ಲೂ ಎಡವದೆ ಹರಿಯುತ್ತವೆ. ಅವಕ್ಕೆ ಇನ್ನೊಂದು ಹಟವೂ ಇದೆ: ಒಂದು ಕಡೆ ದಟ್ಟ, ಪಕ್ಕದಲ್ಲಿ ತೆಳು, ಮತ್ತೆ ದಟ್ಟ, ಹೀಗೆ ಅಲೆಯಾಗಿ ನಿಂತುಬಿಡುವುದು. ಒಂದು ಹಟ ಗೆದ್ದಷ್ಟೂ ಇನ್ನೊಂದು ಸೊರಗುತ್ತದೆ.

ತಂಗಿ ಒಮ್ಮೆ ಕೇಳಿದಾಗ ಹೀಗೆ ಹೇಳಿದ್ದಳು: "ಒಂದು ದೊಡ್ಡ ಹಾಲ್ ಇದೆ ಅಂದ್ಕೋ. ಖಾಲಿ ಇದ್ದಾಗ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ನಡೀಬಹುದು. ಸಾಲಾಗಿ ಕುರ್ಚಿ ಹಾಕಿಬಿಟ್ರೆ? ಹಾಲ್ ಅದೇ, ಜನ ಅವರೇ. ಓಡಾಡೋ ದಾರಿ ಮಾತ್ರ ತುಂಡಾಗಿ, ಸಣ್ಣ ಸಣ್ಣ ಸುತ್ತು ಆಗ್ಬಿಡುತ್ತೆ. ಆ ಅಲೆ ಮಾಡೋದು ಅದನ್ನೇ."

"ಇದಕ್ಕೆ ಇಷ್ಟು ವರ್ಷ ಬೇಕಾ? ಕುರ್ಚಿ ಎತ್ತಿಟ್ರೆ ಮುಗೀತು!"

"ಹಾಕಿದ್ದು ಯಾರು ಅಂತಲೇ ಗೊತ್ತಿಲ್ವಲ್ಲೇ."

ಆ ಕುರ್ಚಿಯ ಸಾಲು, ಅಂದರೆ ಅಲೆ, ಹರಳಿನ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಎಂದು ಐದು ವರ್ಷದಿಂದ ಹುಡುಕುತ್ತಿದ್ದವಳು ಗುಬ್ಬಿ. ಪುಟ್ಟ ಮೈ, ಒಂದು ಕಡೆ ನಿಲ್ಲದ ಕಾಲು. ಆ ಸಂಶೋಧಕಿಗೆ ಹೆಸರಿಟ್ಟವಳು ಹರಳಮ್ಮನೇ. ಹರಳಿನ ಉದ್ದ ಅಡ್ಡ ಬರಿಗಣ್ಣಿಗೆ ತಿಳಿಯುವುದಿಲ್ಲ. ಮೈಕ್ರೋಸ್ಕೋಪಿನ ವಿಶೇಷ ಬೆಳಕಿನಲ್ಲಿ ಉದ್ದಕ್ಕಿಟ್ಟರೆ ಹಳದಿ ಛಾಯೆ, ತಿರುಗಿಸಿದರೆ ನೀಲಿ. ಅದನ್ನು ನೋಡಿ, ಉದ್ದದ ದಿಕ್ಕು ತಿಳಿಯುವಂತೆ ಅಂಚಿಗೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟು, ಪುಸ್ತಕದಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕುವುದು ಆ ಮೇಜಿನ ಪದ್ಧತಿ.

ಎರಡು ತಿಂಗಳ ಹಿಂದೆ ಗುಬ್ಬಿಯ ಹರಳಿನ ಮೇಲೆ ಒಂದು ಧೂಳಿನ ಕಣ ಕೂತಿತ್ತು. ಹರಳಮ್ಮ ಆ ಹರಳನ್ನೂ, ಅದರಿಂದ ಕತ್ತರಿಸಿ ಉಳಿದ ಚೂರನ್ನೂ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿದಳು. ಚುಕ್ಕೆಗಳು ಕರಗಿಹೋದವು. ಉಗುರುಬಣ್ಣ ಅಳಿಸುವುದೂ ಅಸಿಟೋನೇ ಎಂದು ಹೊಸಬರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದವಳು ಆಕೆ. ಮತ್ತೆ ಬೆಳಕಿನಲ್ಲಿಟ್ಟು ನೋಡಿದರೆ ಕಣ್ಣಿನ ಪೊರೆಗೆ ಎಲ್ಲವೂ ಹಳದಿ. ಪೊರೆಯ ವಿಷಯ ಆಗಿನ್ನೂ ಯಾರಿಗೂ ಹೇಳಿರಲಿಲ್ಲ. ನೆನಪಿನ ಮೇಲೆ ಎರಡಕ್ಕೂ ಚುಕ್ಕೆ ಇಟ್ಟು, 'ನೋಡಿದೆ' ಎಂದು ಬರೆದಳು.

ಪೊರೆ ತೆಗೆಸಿಕೊಂಡು ಕೆಲಸಕ್ಕೆ ಬಂದದ್ದು ಇವತ್ತೇ. ಉಳಿದ ಚೂರಿನ ಚುಕ್ಕೆ ತಪ್ಪು ಅಂಚಿನಲ್ಲಿತ್ತು. ಎಲ್ಲರಿಗೂ ಉದ್ದಕ್ಕೆ ಕಂಡಿದ್ದ ಅಲೆ ತನ್ನ ಹರಳಿನಲ್ಲಿ ಅಡ್ಡಕ್ಕಿದೆ ಎಂದು, ಚುಕ್ಕೆಯನ್ನೇ ನಂಬಿ ಗುಬ್ಬಿ ಬರೆದ ಪ್ರಬಂಧ ಮಧ್ಯಾಹ್ನ ಪತ್ರಿಕೆಗೆ ಹೊರಡುವುದಿತ್ತು.

ಪ್ರಯೋಗಾಲಯ ನಡೆಸುವ ಮೇಷ್ಟ್ರ ಕೋಣೆಯಲ್ಲಿ ಅವರೂ ಗುಬ್ಬಿಯೂ ಇದ್ದರು.

"ಬನ್ನಿ ಬನ್ನಿ! ಹೊಸ ಕಣ್ಣು ಹೇಗಿದೆ? ನಮ್ಮ ತಲೆ ಎಷ್ಟು ಬೋಳಾಗಿದೆ ಅಂತ ಈಗ ಗೊತ್ತಾಯ್ತಾ?" ಎಂದರು ಮೇಷ್ಟ್ರು.

ಹರಳಮ್ಮ ನಗಲಿಲ್ಲ. ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. "ಇಲ್ಲಿ 'ನೋಡಿದೆ' ಅಂತ ಬರ್ದಿದೀನಿ. ಸುಳ್ಳು. ನನಗೆ ಕಾಣಿಸ್ತಿರ್ಲಿಲ್ಲ. ಪೇಪರ್ ಕಳಿಸ್ಬೇಡಿ."

ನಡೆದದ್ದನ್ನೆಲ್ಲ ಹೇಳಿದಳು. ಗುಬ್ಬಿಯ ಕಾಲು ಅಂದು ಮೊದಲ ಸಲ ಅಲ್ಲಾಡದೆ ನಿಂತಿತ್ತು.

"ಐದು ವರ್ಷ, ಹರಳಮ್ಮಾ."

"ಗೊತ್ತು ಕಣೇ."

"ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಿನ್ನನ್ನ ನಂಬ್ಕೊಂಡು ಇನ್ನೆಲ್ಲೋ ಇನ್ನೊಬ್ಬಳು ಐದು ವರ್ಷ ಕೂರ್ತಿದ್ಲು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಚೂರಲ್ಲಿ ತಪ್ಪಾದ್ರೆ ತಂಪು ಯಂತ್ರದ ಒಳಗಿರೋ ಹರಳಲ್ಲೂ ತಪ್ಪಾಗಿರ್ಬೇಕು ಅಂತೇನಿಲ್ಲ."

"ಅದೇ ಕೈ, ಅದೇ ಕಣ್ಣು. ತೆಗೆದು ನೋಡೋಣ."

"ತೆಗೆದ್ರೆ ಆ ಯಂತ್ರದ ಮ್ಯಾಗ್ನೆಟ್ಟಿನಲ್ಲಿಟ್ಟು ಅಳೆಯೋ ಸರದಿ ನಮಗೆ ಮತ್ತೆ ಬರೋದು ಎಂಟು ತಿಂಗಳಿಗೆ. ಈ ಪುಸ್ತಕ ಮೇಲಿನವರ ಕೈಗೆ ಹೋದ್ರೆ ನಿಮ್ಮನ್ನ ಆ ಮೇಜಿಂದ ಎಬ್ಬಿಸ್ತಾರೆ. ಯೋಚನೆ ಮಾಡಿದೀರಾ?"

"ಮಾಡೇ ಬಂದೆ."

ಹರಳಮ್ಮ ಗುಬ್ಬಿಯ ಕಡೆ ನೋಡಿದಳು. ಆ ಮುಖ ಇಷ್ಟು ಸ್ಪಷ್ಟವಾಗಿ ಕಂಡು ವರ್ಷಗಳೇ ಆಗಿದ್ದವು. ಕಣ್ಣಿನ ಕೆಳಗಿನ ಕಪ್ಪು ಆಕೆಗೆ ಗೊತ್ತೇ ಇರಲಿಲ್ಲ. ಗುಬ್ಬಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿ ಸಹಿಯ ಮೇಲೆ ಬೆರಳಿಟ್ಟಳು.

"ಯಂತ್ರ ಬೆಚ್ಚಗಾಗೋಕೆ ಎಷ್ಟು ಹೊತ್ತು ಬೇಕು?" ಎಂದಳು.

"ಈಗ ಆರಿಸಿದ್ರೆ ಸಂಜೆಗೆ ಹರಳು ತೆಗೀಬಹುದು," ಎಂದಳು ಹರಳಮ್ಮ.

"ಒಂದು ನಿಮಿಷ," ಎಂದು ಮೇಷ್ಟ್ರು ಕೈಯೆತ್ತಿದರು, "ನಾನು ಹೇಳೋದನ್ನ ಪೂರ್ತಿ ಕೇಳಿ. ಇವತ್ತು ಕಳಿಸಿ, ಆಮೇಲೆ ಬೇಕಾದ್ರೆ ನಾವೇ ತಿದ್ದಿ..."

ಹರಳಮ್ಮ ಆಗಲೇ ಬಾಗಿಲು ದಾಟಿದ್ದಳು. ಹಜಾರದ ಉದ್ದಕ್ಕೂ, ಚಿಕ್-ಪುಸ್ ಸದ್ದಿನ ಕಡೆಗೆ.