ಗೇರುಮರದ ಬುಡದ ದುಂಡುಗಲ್ಲು

ನಮ್ಮಲ್ಲಿ ಹಲ್ಲು ಬರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಆ ಜಾಗವನ್ನು ತಾಯಿಗೆ ತೋರಿಸುವುದಿಲ್ಲ. ಚೌತಿ ಮುಗಿದ ವಾರ ನನ್ನ ಗಂಡ, ತೀರಿಕೊಂಡ ನಮ್ಮ ಮೂರು ತಿಂಗಳ ಮಗಳನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಹೋದರು. ಎಲ್ಲಿ ಅಂತ ಕೇಳಿದ್ದಕ್ಕೆ, "ದೂರ ಐತಿ, ಬಿಡು" ಅಂದರು. ಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ನಾವು ದುಡಿಯಲು ಬಂದಿದ್ದ ವಾಳಪೈ ಬಳಿಯ ಹಳ್ಳದ ದಂಡೆಗೆ ಹೊರದೇಶದ ಹೆಂಗಸೊಬ್ಬಳು ಬಂದಳು; ಎಲ್ಲರೂ ಆಕೆಯನ್ನು ಬಾಯಿ ಅನ್ನುತ್ತಿದ್ದರು. ಬರೀ ಕಲ್ಲು, ಎಲೆಗಳಿಂದ ನೆಲದ ಮೇಲೆ ಸುತ್ತು ಸುತ್ತಾಗಿ ಒಂದು ಚಿತ್ರ ಕಟ್ಟುತ್ತಿದ್ದಳು. ಕಲ್ಲು ಹೊರಲು ನಾನೂ ನಮ್ಮ ಓಣಿಯ ಅಕ್ಕನೂ ಹೋದೆವು.

"ಮಳಿ ಬಂದ್ರ ಹೋಗೂದಕ್ಕ ಇಷ್ಟು ಬೆವರೇನ? ಈಕಿಗೆ ಮನ್ಯಾಗ ತಿಕ್ಕಾಕ ಭಾಂಡಿ ಇಲ್ಲೇನು?" ಅಂದಳು ಅಕ್ಕ.

"ನೀ ದಿನಾ ಅಂಗಳಕ್ಕ ರಂಗೋಲಿ ಹಾಕ್ತಿಯಲ್ಲ, ಅದೇನು ಉಳೀತೈತೇನು?" ಅಂದೆ.

"ಅದು ದೇವರಿಗೆ ಹಾಕೂದವ್ವಾ. ಇದು ಯಾರಿಗೆ?"

ನಮ್ಮನ್ನು ಕೆಲಸಕ್ಕೆ ಕರೆದಿದ್ದ ಮೇಸ್ತ್ರಿ ನಡುವೆ ಮಾತು ಸೇರಿಸಿ, ಮಳೆಯಲ್ಲಿ ಹೋಗುವುದೇ ಇದರ ಚೆಂದ ಅಂತಾಳ್ರಿ ಬಾಯಿ, ಅಂದ. ನನಗೆ ಆ ಮಾತು ಹಿಡಿಸಿತ್ತು.

ಮೂರನೆಯ ದಿನ ನಡುವಿನ ಸುತ್ತಿಗೆ ಒಂದೇ ಅಳತೆಯ ಕಲ್ಲು ಸಾಲಲಿಲ್ಲ. ಹುಡುಕುತ್ತ ಹೋದಾಗ ಗೇರುಮರದ ಬುಡದಲ್ಲಿ ಒಂದು ಸಣ್ಣ ಗುಡ್ಡೆ ಸಿಕ್ಕಿತು. ಎಲ್ಲವೂ ಮುಷ್ಟಿಯಷ್ಟರ ದುಂಡುಗಲ್ಲು. ಖುಷಿಯಿಂದ ಬುಟ್ಟಿ ತುಂಬಿ ತಂದೆ. ಬಾಯಿ ಅವನ್ನು ಸವರಿ ಸವರಿ ಇಟ್ಟಳು.

ಸಂಜೆ ನಮ್ಮವರು ಗಾರೆ ಕೆಲಸ ಮುಗಿಸಿ ನನ್ನನ್ನು ಕರೆಯಲು ಬಂದರು.

"ನೋಡ್ರಿ, ನಡುವಿನ ಸುತ್ತು ನಾ ತಂದದ್ದು."

"ಎಲ್ಲಿಂದ ತಂದಿ?"

"ಅಲ್ಲಿ, ಗೇರುಮರದ ಬುಡದಾಗಿಂದ. ಯಾರೋ ಆರಿಸಿ ಇಟ್ಟಂಗಿದ್ದುವು."

ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಒಂದು ಕಲ್ಲನ್ನು ಕೈಗೆತ್ತಿಕೊಂಡು, "ನಾನಽ ಇಟ್ಟಿದ್ದೆ. ನರಿ ಕೆದರಬಾರದಂತ," ಅಂದರು.

ಕಲ್ಲು ತಿರುಗಿ ಒಯ್ಯಲು ಮೊದಲು ಬುಟ್ಟಿ ಎತ್ತಿಕೊಂಡವಳು ಅಕ್ಕ. ಮೇಸ್ತ್ರಿ ತಿಳಿಸಿ ಹೇಳಿದ ಮೇಲೆ ಬಾಯಿಯೂ ಬಗ್ಗಿ ತನ್ನ ಸುತ್ತನ್ನು ತಾನೇ ಬಿಚ್ಚಿದಳು. ಆದರೆ ನನ್ನ ಕಲ್ಲು ಯಾವುವು, ಹಳ್ಳದವು ಯಾವುವು, ಗುರುತು ಸಿಗಲಿಲ್ಲ. ಒಂದನ್ನೂ ಬಿಡಲು ಮನಸ್ಸಾಗದೆ ನಡುವಿನವನ್ನೆಲ್ಲ ಹೊತ್ತೆ. ಗುಡ್ಡೆ ಮೊದಲಿಗಿಂತ ದೊಡ್ಡದಾಯಿತು. "ಸಾಕು ಬಾ," ಅಂದರು ನಮ್ಮವರು. ಹೊರಡುವ ಮುಂಚೆ ಅದರ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಕಲ್ಲು ಇನ್ನೂ ಬೆಚ್ಚಗಿತ್ತು, ಮೈಯ ಹಾಗೆ.

ಆಮೇಲೆ ಆ ಬಾಯಿಯದು ಹುಚ್ಚಾಟ ಅಂದರು ನಮ್ಮವರು. ಅಕ್ಕ ಮಾತ್ರ, "ಆಕಿ ಬರದಿದ್ರ ಈಕಿಗೆ ಜಾಗಾ ಗೊತ್ತಾಗತಿತ್ತೇನು?" ಅಂತ ವಾದಿಸಿದಳು. ನಾನು ಇಬ್ಬರಿಗೂ ಹೂಂ ಅಂದೆ.

ಮೊದಲ ದೊಡ್ಡ ಮಳೆ ನಿಂತ ಬೆಳಿಗ್ಗೆ ಹೇಳದೆ ಹೋದೆ. ಸುತ್ತುಗಳು ಇರಲಿಲ್ಲ. ಕೆಂಪು ನೀರು ಗೇರುಮರದ ಬುಡ ದಾಟಿ ಹರಿಯುತ್ತಿತ್ತು; ಗುಡ್ಡೆ ಕಾಣಲಿಲ್ಲ.