ಕುಬಸಕ್ಕೆ ಆಪ್‌ನಿಂದ ತರಿಸಿದ ಸೀರೆ

2023ನೇ ಇಸವಿ. ವಾಡಿಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಆಗ ಇಪ್ಪತ್ತೆರಡು ವರ್ಷವಾಗಿತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ, ರೈಲ್ವೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ನಮ್ಮ ಮನೆಯ ಮುಂದಿನ ಕೋಣೆ. ಎರಡು ಮಷಿನ್ನು, ಒಂದು ಕಟಿಂಗ್ ಟೇಬಲ್ಲು, ಹೊಲಿದಿಟ್ಟ ಬಟ್ಟೆಯ ಮೇಲೆ ಊರಿನ ಸಿಮೆಂಟ್ ಕಾರ್ಖಾನೆಯ ಪುಡಿ ಕೂರದಂತೆ ಹೊದಿಸಲು ನಾಲ್ಕು ಹಳೆಯ ಬೆಡ್‌ಶೀಟು. ಬ್ಲೌಸು, ಮಕ್ಕಳ ಫ್ರಾಕು, ಸೀರೆಗೆ ಫಾಲು. ಓದುವವರಲ್ಲಿ ಗಂಡಸರೂ ಇರುತ್ತಾರೆ, ಅವರಿಗಾಗಿ ಹೇಳುತ್ತೇನೆ: ಸೀರೆ ನೆಲಕ್ಕೆ ಉಜ್ಜಿ ಹರಿಯದಿರಲಿ, ನೆರಿಗೆ ನೆಟ್ಟಗೆ ನಿಲ್ಲಲಿ ಎಂದು ಕೆಳ ಅಂಚಿಗೆ ಒಳಗಿನಿಂದ ಹಚ್ಚುವ ಪಟ್ಟಿಗೆ ಫಾಲ್ ಎನ್ನುತ್ತಾರೆ. ನಿಮ್ಮ ಮನೆಯ ಹೆಣ್ಣುಮಕ್ಕಳು ಇಷ್ಟು ವರ್ಷ ಅದನ್ನು ಹಚ್ಚಿಸಿಕೊಂಡೇ ಸೀರೆ ಉಟ್ಟಿದ್ದಾರೆ.

ಆ ಹೊತ್ತಿಗೆ ನನಗೆ ಹೊಲಿಗೆಯ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಆಪ್‌ನಲ್ಲಿ ಬಟ್ಟೆ ಆರಿಸಿಕೊಡುವ ಕೆಲಸ. ಓಣಿಯ ಹೆಣ್ಣುಮಕ್ಕಳು ಫೋನು ಹಿಡಿದು ಬರುತ್ತಿದ್ದರು. 'ಮಾದೇವಕ್ಕಾ, ಇದು ತಗೊಳ್ಲೋ, ಅದು ತಗೊಳ್ಲೋ?' ಅಗ್ಗದ ಬಟ್ಟೆಯ ಆಪ್‌ಗಳು ಹತ್ತಾರು ಇದ್ದರೂ ನಮ್ಮಲ್ಲಿ ಓಡುತ್ತಿದ್ದವು ಎರಡೇ. ಒಂದಕ್ಕೆ ನಾವು 'ಸಸ್ತಾದು' ಎನ್ನುತ್ತಿದ್ದೆವು, ಇನ್ನೊಂದಕ್ಕೆ 'ಜರಾ ಮ್ಯಾಲಿಂದು'. ನಾನು ಫೋಟೊ ದೊಡ್ಡದು ಮಾಡಿ ನೆರಿಗೆ ಹೇಗೆ ಬಿದ್ದಿದೆ ನೋಡುತ್ತಿದ್ದೆ. ಜರಿ ಹೊಳೆಯುವ ಬಗೆ ನೋಡುತ್ತಿದ್ದೆ. ಕೊಂಡವರು ಹಾಕಿದ ಫೋಟೊಗಳಿಗೆ ಅಂಗಡಿಯವನ ಫೋಟೊ ತಾಳೆ ಹಾಕುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ನನ್ನ ಮಾತು ನಿಜವಾಗುತ್ತಿತ್ತು. ಹಾಗಾಗಿ ತಲೆ ಸ್ವಲ್ಪ ತಿರುಗಿತ್ತು, ಒಪ್ಪಿಕೊಳ್ಳುತ್ತೇನೆ.

ಒಪ್ಪಿಕೊಳ್ಳಬೇಕಾದದ್ದು ಇನ್ನೂ ಒಂದಿದೆ. ಆಪ್‌ನ ಸೀರೆಯನ್ನು ಏಳು ದಿನದೊಳಗೆ ವಾಪಸ್ ಕೊಡಬಹುದು, ದುಡ್ಡು ಪೂರ್ತಿ ಬರುತ್ತದೆ. ಇದು ಗೊತ್ತಾದ ಮೇಲೆ ಕೆಲವರು ಮದುವೆಗೆ ತರಿಸಿ, ಉಟ್ಟು, ವಾಪಸ್ ಕಳಿಸುವ ಆಟ ಶುರು ಮಾಡಿದರು. ಅವರಿಗೆ ನಾನು 'ಕಚ್ಚಾ ಹೊಲಿಗೆ' ಹಾಕಿ ಕೊಡುತ್ತಿದ್ದೆ. ಅಂದರೆ ಫಾಲನ್ನು ಉದ್ದುದ್ದ ಹೊಲಿಗೆಯಲ್ಲಿ ಹಚ್ಚುವುದು, ಬೆಲೆಚೀಟಿ ಕೀಳದೆ ಸೊಂಟದ ಮಡಿಕೆಯೊಳಗೆ ಅಡಗಿಸುವುದು. ಮದುವೆ ಮುಗಿದ ಮೇಲೆ ಒಂದು ದಾರ ಎಳೆದರೆ ಫಾಲು ಬಿಚ್ಚಿ ಕೈಗೆ ಬರುತ್ತಿತ್ತು. ಇಸ್ತ್ರಿ ಮಾಡಿ ಮಡಚಿದರೆ ಮುಗಿಯಿತು. ಇದು ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. 'ಭಾರಿ ಅಕಲ್ ಅದ ನಿಮಗ' ಎಂದು ಹೆಣ್ಣುಮಕ್ಕಳು ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ಆ ವರ್ಷ ನವೆಂಬರಿನಲ್ಲಿ ಶರಣಮ್ಮ ಬಂದಳು. ನಮ್ಮ ಹಿಂದಿನ ಓಣಿಯವಳು. ಗಂಡ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ, ಈಕೆ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಒಬ್ಬಳೇ ಮಗಳು ಅಂಬಿಕಾ, ಸೇಡಂಗೆ ಕೊಟ್ಟಿತ್ತು. ಅವಳಿಗೆ ಏಳನೆಯ ತಿಂಗಳು ನಡೆಯುತ್ತಿತ್ತು, ಕುಬಸ ಮಾಡಬೇಕಿತ್ತು. ನಮ್ಮ ಕಡೆ ಕುಬಸವೆಂದರೆ ತವರಿನವರು ಬುತ್ತಿ ಕಟ್ಟಿಕೊಂಡು ಬೀಗರ ಮನೆಗೆ ಹೋಗಿ, ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಕುಬಸವೆಂದೇ ಕರೆಯುವ ಹಸಿರು ಬ್ಲೌಸು, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಹೆರಿಗೆಗೆಂದು ಮನೆಗೆ ಕರೆದುಕೊಂಡು ಬರುವುದು.

ಕರೆದುಕೊಂಡು ಬರುವುದೇ ಶರಣಮ್ಮನ ಚಿಂತೆ. ಮದುವೆಯಲ್ಲಿ ಬೀಗತಿಗೆ ಕೊಟ್ಟ ಸೀರೆ ತೆಳ್ಳಗಿತ್ತೆಂದು ಅವರು ಅದನ್ನು ನಾಲ್ಕು ಜನರ ಮುಂದೆ ಬೆಳಕಿಗೆ ಹಿಡಿದು ತೋರಿಸಿದ್ದರಂತೆ. ಈಗ 'ನಮ್ಮ ಸೇಡಂನಾಗ ದವಾಖಾನಿ ಇಲ್ಲೇನು? ವಾಡಿಗೆ ಯಾಕ ಕಳಸಬೇಕು?' ಎಂಬ ರಾಗ ತೆಗೆದಿದ್ದರು. ಶರಣಮ್ಮ ಒಳಗಿನ ಕೋಣೆಗೆ ಸುಣ್ಣ ಹಚ್ಚಿಸಿದ್ದಳು. ಹೊರಸಿಗೆ ಹೊಸ ಹಗ್ಗ ಬಿಗಿಸಿದ್ದಳು. ಬಾಣಂತಿಯ ಉಂಡೆಗೆಂದು ಅಂಟು, ಒಣ ಕೊಬ್ಬರಿ, ಉತ್ತತ್ತಿ ತಂದು ಡಬ್ಬಿಗೆ ತುಂಬಿದ್ದಳು.

'ಅಕ್ಕಾ, ಸೀರಿ ಮಾತ್ರ ಅವರ ಬಾಯಿಗಿ ಸಿಗಬಾರದು ನೋಡ್ರಿ. ಸೀರಿದಾಗ ಕುಂದು ಹುಡುಕಿ ಮಗಳಿಗಿ ಕಳಸಂಗಿಲ್ಲ ಅಂದ್ರ ನಾ ಏನ್ ಮಾಡ್ಲಿ?' ಎಂದಳು.

'ನಾ ಇದ್ದೀನಲ್ಲ, ಯಾಕ್ ಫಿಕರ್ ಮಾಡ್ತಿ?' ಎಂದೆ. ಎಷ್ಟು ಸಲೀಸಾಗಿ ಅಂದೆ!

ಇಬ್ಬರೂ ಕುಳಿತು ಒಂದು ಮಧ್ಯಾಹ್ನವೆಲ್ಲ ನೋಡಿದೆವು. ಕೊನೆಗೆ ಎರಡು ಸೀರೆ ಉಳಿದವು. 'ಜರಾ ಮ್ಯಾಲಿಂದ'ರಲ್ಲಿ ಗಿಳಿಹಸಿರು, ಎಂಟುನೂರಾ ತೊಂಬತ್ತೊಂಬತ್ತು, ಆದರೆ ನಮ್ಮ ಪಿನ್‌ಕೋಡಿಗೆ ವಾಪಸ್ ಇಲ್ಲ. 'ಸಸ್ತಾದ'ರಲ್ಲಿ ಎಲೆಹಸಿರು, ಕೆಂಪು ಅಂಚು, ಆರುನೂರಾ ನಲವತ್ತೊಂಬತ್ತು, ಏಳು ದಿನ ವಾಪಸ್. ಶರಣಮ್ಮನ ಮನಸ್ಸು ಮೊದಲಿನದಕ್ಕಿತ್ತು. ಇನ್ನೂರೈವತ್ತು ಹೆಚ್ಚಾದರೂ ಆಗಲಿ ಎಂದಳು. ಚಿತ್ತಾಪುರಕ್ಕೆ ಹೋಗಿ ಅಂಗಡಿಯಲ್ಲಿ ಕೈಯಿಂದ ಮುಟ್ಟಿ ತರಲೇ ಎಂದೂ ಕೇಳಿದಳು. ನಾನೇ ಬೇಡವೆಂದೆ. 'ವಾಪಸ್ ಇರೋದನ್ನೇ ತಗೋಬೇಕು. ಸರಿ ಬರ್ಲಿಲ್ಲಂದ್ರ ಕಳಸೂದು, ಅಷ್ಟೇ ಅಲ್ಲ?' ಎಂದು ಬುದ್ಧಿ ಹೇಳಿದೆ. ಎಲ್ಲಿ ವಾಪಸ್ ಕೊಡುವುದು ಸುಲಭವೋ ಅಲ್ಲಿ ವಾಪಸ್ ಬಂದ ಮಾಲೂ ಇರುತ್ತದೆ ಎಂದು, ವಾಪಸ್ ಕಳಿಸಿಯೇ ಹೆಸರು ಮಾಡಿದ ನನಗೆ ಹೊಳೆಯಲಿಲ್ಲ.

ಭಾನುವಾರ ಕುಬಸ. ಸೋಮವಾರ ಬರಬೇಕಾದ ಪಾರ್ಸೆಲ್ಲು ಗುರುವಾರ ಬಂತು. ಶರಣಮ್ಮ ಪೊಟ್ಟಣ ಒಡೆಯದೆ ಹಾಗೇ ನನ್ನ ಟೇಬಲ್ಲಿಗೆ ತಂದಳು. ನಾನು ಬಿಡಿಸಿದೆ. ಬಣ್ಣ ಚಂದವಿತ್ತು, ಅಂಚು ಚಂದವಿತ್ತು. ಶರಣಮ್ಮ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು 'ಅಯ್ಯ ಯವ್ವಾ, ಭಾಳ ಛಂದ ಅದರಿ!' ಎಂದಳು.

ನನ್ನ ಬೆರಳು ಅಷ್ಟರಲ್ಲಿ ಕೆಳ ಅಂಚಿನ ಮೇಲೆ ಹೋಗಿತ್ತು. ಅದು ರೂಢಿ, ಫಾಲ್ ಹಚ್ಚುವ ಮುಂಚೆ ಅಂಚು ನೆಟ್ಟಗಿದೆಯೋ ಎಂದು ಸವರಿ ನೋಡುತ್ತೇವೆ. ಅಂಚಿನ ಉದ್ದಕ್ಕೂ ತೂತುಗಳಿದ್ದವು. ಸೂಜಿಯ ತೂತು, ಇಂಚಿಗೊಂದರಂತೆ. ಒಂದು ಕಡೆ ಹಸಿರು ದಾರದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಸೆರಗಿನ ಹೆಗಲ ಭಾಗದಲ್ಲಿ ಪಿನ್ನು ಚುಚ್ಚಿದ ಜೋಡಿ ಗುರುತು, ಅದರ ಪಕ್ಕ ಅರಿಶಿನದ ಬೆರಳಚ್ಚು. ಯಾವುದೋ ಊರಿನಲ್ಲಿ ಯಾವಳೋ ಇದನ್ನು ಒಂದು ಕಾರ್ಯಕ್ಕೆ ಉಟ್ಟು, ನನ್ನಂಥ ಒಬ್ಬ ಟೇಲರ್ ಹಚ್ಚಿದ ಕಚ್ಚಾ ಹೊಲಿಗೆ ಬಿಚ್ಚಿ, ಮಡಚಿ ಕಳಿಸಿದ್ದಳು.

ಕುಬಸಕ್ಕೆ ಇನ್ನೊಬ್ಬರು ಉಟ್ಟ ಸೀರೆ ನಡೆಯುವುದಿಲ್ಲ. ಅದು ನನಗೂ ಗೊತ್ತು, ಸಣ್ಣ ಮಕ್ಕಳಿಗೂ ಗೊತ್ತು. ಬದಲಿ ತರಿಸಲು ವಾರ ಬೇಕು, ಇದ್ದದ್ದು ಎರಡೇ ದಿನ. ಚಿತ್ತಾಪುರದಲ್ಲಿ ಕೊಳ್ಳಲು ಅವಳ ಕೈಯಲ್ಲಿ ಇನ್ನೊಂದು ಸೀರೆಯ ದುಡ್ಡಿಲ್ಲ ಎಂದು ನಾನೇ ಅಂದುಕೊಂಡೆ. ಆದರೂ ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಶರಣಮ್ಮ, 'ನೀವು ಆರಿಸಿದ್ರ ಖರೆ ಮಾಲೇ ಬರ್ತದರಿ. ನಾ ಮೊದಲೇ ಹೇಳಿದ್ದೆ ನಮ್ಮ ಮನಿಯವರಿಗಿ' ಎಂದುಬಿಟ್ಟಳು. ಆ ಮಾತನ್ನು ಕೆಡಿಸುವ ಮನಸ್ಸಾಗಲಿಲ್ಲ. ನಾಚಿಕೆಗೇಡು, ಅಷ್ಟೇ. ಬೇರೆ ಕಾರಣವಿರಲಿಲ್ಲ.

ಆಕೆ ಹೋದ ಮೇಲೆ ಅರಿಶಿನದ ಕಲೆಗೆ ನೀರು ತಾಗಿಸಿ ಬಿಸಿಲಿಗೆ ಹಾಕಿದೆ. ಸೋಪು ಹಚ್ಚಿದರೆ ಅರಿಶಿನ ಕೆಂಪಾಗುತ್ತದೆ, ಬಿಸಿಲಿಗೆ ಮಾತ್ರ ಹೋಗುತ್ತದೆ. ಎರಡು ದಿನದಲ್ಲಿ ಹೋಯಿತು. ತೂತುಗಳ ಮೇಲೆ ಒತ್ತೊತ್ತಾಗಿ ಫಾಲ್ ಹಚ್ಚಿದೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಸಣ್ಣ ಹೊಲಿಗೆ ಯಾರ ಸೀರೆಗೂ ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದು ಜನ ಪ್ಯಾಸೆಂಜರ್ ರೈಲಿನಲ್ಲಿ ಸೇಡಂಗೆ ಹೋದೆವು. ಕುಬಸದ ಬ್ಲೌಸು ಹೊಲಿದವಳೆಂದು ಶರಣಮ್ಮ ನನ್ನನ್ನು ಬಿಡದೆ ಕರೆದುಕೊಂಡು ಹೋದಳು. ಬೀಗರು ಮರ್ಯಾದೆಯಿಂದಲೇ ಕರೆದರು. 'ಬರ್ರಿ, ಕುಂದ್ರಿ' ಎಂದು ಚಹಾ ಕೊಟ್ಟರು. ಅಂಬಿಕಾ ತಾಯಿಯ ಪಕ್ಕ ಕುಳಿತು ಕೈ ಬಿಡಲಿಲ್ಲ. ಅವಳ ಚೀಲ ಆಗಲೇ ತಯಾರಾಗಿ ಬಾಗಿಲ ಹಿಂದೆ ಇತ್ತು.

ಸೀರೆ ಉಡಿಸಲು ಒಳಗೆ ಹೋದೆವು. ಉಡಿಸುವವಳು ಅಂಬಿಕಾನ ನಾದಿನಿ, ಕಾಲೇಜಿಗೆ ಹೋಗುವ ಹುಡುಗಿ. ಕಿಟಕಿಯ ಬೆಳಕಿಗೆ ಸೆರಗು ಹರವಿದಳು. ಪಿನ್ನಿನ ಗುರುತಿನ ಹತ್ತಿರ ಅವಳ ಕೈ ನಿಂತಿತು. ಆಮೇಲೆ ಅಂಚು ಹಿಡಿದು ನೋಡಿದಳು. ಈ ಕಾಲದ ಹುಡುಗಿ, ಅವಳಿಗೂ ಈ ಆಟ ಗೊತ್ತಿತ್ತು.

'ಯವ್ವಾ, ಇಲ್ಲಿ ಬಾ. ಇದು ಉಟ್ಟು ವಾಪಸ್ ಮಾಡಿದ್ ಸೀರಿ' ಎಂದು ತಾಯಿಯನ್ನು ಕೂಗಿದಳು.

ಬೀಗತಿ ಬಂದರು. ಶರಣಮ್ಮನೂ ಬಂದಳು, ನಗುತ್ತಲೇ ಬಂದಳು. 'ಹೊಸಾದ ಅದರಿ. ಗುರುವಾರ ನನ್ನ ಕಣ್ಣ ಮುಂದೇ ಬಿಚ್ಚೀವಿ. ಮಾದೇವಕ್ಕಾ, ಹೇಳ್ರಿ ನೀವು' ಎಂದು ನನ್ನ ಕಡೆ ತಿರುಗಿದಳು.

ಎಲ್ಲರೂ ನನ್ನ ಮುಖ ನೋಡಿದರು. ಅಂಬಿಕಾನೂ ನೋಡಿದಳು. ದೇವರು ಎರಡನೆಯ ಸಲ ದಾರಿ ತೋರಿಸಿದ, ಎರಡನೆಯ ಸಲವೂ ನಾನು ಕುರುಡಿಯಾದೆ. 'ಹೊಸಾದೇ ಅದರಿ. ಮಗ್ಗದಾಗ ಹಿಂಗ ತೂತು ಬೀಳ್ತಾವ' ಎಂದೆ.

'ಮಗ್ಗದಾಗ? ಮಗ್ಗ ಪಿನ್ನೂ ಚುಚ್ಚತದೇನ್ರಿ?' ಎಂದಳು ಆ ಹುಡುಗಿ. 'ನಿಮ್ಮ ಹೊಲಿಗಿ ಸಣ್ಣದು ಅದ. ಮತ್ತ ಈ ದೊಡ್ಡ ತೂತು ಯಾರ ಹೊಲಿಗೀದು?'

ಉತ್ತರ ಕೊಟ್ಟವಳು ಶರಣಮ್ಮ. ಅಷ್ಟು ಮೆತ್ತಗಿನ ಹೆಂಗಸು ನನ್ನ ಮಾತು ನಂಬಿ ಬೀಗರ ಮೇಲೆ ಎಗರಿಬಿದ್ದಳು. 'ನಮ್ಮ ಮಾದೇವಕ್ಕ ಸುಳ್ಳ ಹೇಳಂಗಿಲ್ಲ! ನಿಮಗ ಮಗಳಿಗಿ ಕಳಸೂದು ಬ್ಯಾಡಾಗ್ಯಾದ, ಅದಕ್ಕ ಸೀರಿ ಮ್ಯಾಲ ಹಾಕ್ಲಿಕತ್ತೀರಿ' ಎಂದಳು. ಮಾತಿಗೆ ಮಾತು ಬೆಳೆಯಿತು. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಬೀಗರು ಇಳಿಯುತ್ತಿದ್ದರೇನೋ. ಆದರೆ ತಪ್ಪೇ ಆಗಿಲ್ಲವೆಂದು ನಂಬಿದವಳು ಯಾಕೆ ಅನ್ನುತ್ತಾಳೆ?

ಕಡೆಗೆ ಬೀಗತಿ ಸೀರೆಯನ್ನು ಮಡಚದೆ ತಾಟಿನಲ್ಲಿ ಹಾಕಿದರು. 'ಯಾರೋ ಉಟ್ಟು ಬಿಟ್ಟಿದ್ದು ನಮ್ಮ ಬಸುರಿ ಮೈಮ್ಯಾಲ ಬ್ಯಾಡ. ಬಾಣಂತನ ನಾವೇ ಮಾಡ್ತೀವಿ, ನೀವು ಊಟ ಮಾಡ್ಕೊಂಡು ಹೋಗ್ರಿ' ಎಂದರು.

ಯಾರೂ ಊಟ ಮಾಡಲಿಲ್ಲ. ಅಂಬಿಕಾ ಅಳುತ್ತ ಬಾಗಿಲವರೆಗೆ ಬಂದಳು, ಗಂಡ ಅವಳ ಚೀಲವನ್ನು ಒಳಗೆ ಒಯ್ದಿಟ್ಟ. ಸಂಜೆಯ ರೈಲಿಗೆ ಹೊರಟೆವು. ದಾರಿಯಲ್ಲಿ ಶರಣಮ್ಮ ನನ್ನ ಮೊಣಕಾಲು ಮುಟ್ಟಿ, 'ನಮ್ಮ ಸಲುವಾಗಿ ನೀವೂ ಮಾತು ಕೇಳಿದ್ರಿ, ಮನಸಿಗಿ ಹಚ್ಕೋಬ್ಯಾಡ್ರಿ' ಎಂದಳು. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೆಬ್ರುವರಿಯಲ್ಲಿ ಅಂಬಿಕಾ ಸೇಡಂನಲ್ಲೇ ಹೆತ್ತಳು, ಹೆಣ್ಣು ಕೂಸು. ತವರಿಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ಶರಣಮ್ಮ ಓಡಿಹೋದಳು. ಕೂಸನ್ನು ಕೈಗೆ ಕೊಟ್ಟರು, ಅಷ್ಟು ಸೌಜನ್ಯ ಇಟ್ಟುಕೊಂಡಿದ್ದರು. 'ಅವ್ವಾ, ನೀನೇ ಒಮ್ಮಿ ನನಗ ಎಣ್ಣಿ ಹಚ್ಚಿ ನೀರು ಎರಿ' ಎಂದು ಮಗಳು ಕೇಳಿದಳಂತೆ. 'ಅದೆಲ್ಲ ಆಗ್ಯಾದ' ಎಂದು ಬೀಗತಿ ಅಂದರಂತೆ. ಒಂದು ತಾಸು ಕುಳಿತು ವಾಪಸ್ ಬಂದಳು. ಡಬ್ಬಿಯ ಅಂಟು, ಕೊಬ್ಬರಿ, ಉತ್ತತ್ತಿಯನ್ನು ಓಣಿಯ ಬೇರೆ ಬಾಣಂತಿಗೆ ಕೊಟ್ಟಳು.

ಮಾರ್ಚಿನಲ್ಲಿ ಮೊಮ್ಮಗಳಿಗೆ ಕುಲಾವಿ ಹೊಲಿಸಲು ಒಂದು ತುಂಡು ಮೆತ್ತನೆಯ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ಸೊರಗಿದ್ದಳು. ಅಂದು ನನ್ನಿಂದ ತಡೆಯಲಾಗಲಿಲ್ಲ. ಮಷಿನ್ನಿನಿಂದ ಎದ್ದು, 'ಶರಣಮ್ಮಾ, ಅವರು ಹೇಳಿದ್ದು ಖರೆ ಇತ್ತು. ಗುರುವಾರ ಸೀರಿ ಬಿಚ್ಚಿದಾಗೇ ನನಗ ಗೊತ್ತಾಗಿತ್ತು' ಎಂದೆ. ಕಚ್ಚಾ ಹೊಲಿಗೆ, ಅರಿಶಿನದ ಕಲೆ, ಬಿಸಿಲಿಗೆ ಹಾಕಿದ್ದು, ಎಲ್ಲ ಹೇಳಿದೆ. ಬೈಯಲಿ, ಬಟ್ಟೆ ಮುಖಕ್ಕೆ ಎಸೆಯಲಿ ಎಂದು ಕಾದೆ.

ಅವಳು ಬಟ್ಟೆಯನ್ನು ಟೇಬಲ್ಲಿನ ಮೇಲೆ ಇಟ್ಟಳು. ಆಮೇಲೆ ಕೇಳಿದಳು. 'ಗುರುವಾರೇ ಗೊತ್ತಿತ್ತೇನ್ರಿ?'

'ಹೂಂ.'

'ಗುರುವಾರ ಹೇಳಿದ್ರ ಆಗ್ತಿತ್ತಲ್ರಿ. ನನ್ನ ಕುಬಸದ ಸೀರಿ ಟ್ರಂಕಿನಾಗ ಅದ. ನಮ್ಮವ್ವ ಉಡಸಿದ್ದು, ಹಸಿರು ಇಲಕಲ್ ಸೀರಿ, ಒಂದೇ ಸಲ ಉಟ್ಟೀನಿ. ತಾಯಿ ಸೀರಿ ಮಗಳಿಗಿ ಮೈಲಿಗಿ ಆಗ್ತದೇನ್ರಿ? ಅಂಬಿನೂ ಅದೇ ಉಡ್ತೀನಿ ಅಂತ ಗಂಟು ಬಿದ್ದಿದ್ದಳು. ಅಕ್ಕ ಹೊಸಾದು ಆರಿಸ್ಯಾರ, ಅದೇ ಉಡು ಅಂತ ನಾನೇ ಬಾಯಿ ಮುಚ್ಚಿಸಿದೆ.'

ಕುಲಾವಿಯ ಬಟ್ಟೆಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಹೋದಳು. ಕುಲಾವಿಯನ್ನು ಬೇರೆ ಕಡೆ ಹೊಲಿಸಿದಳೆಂದು ಆಮೇಲೆ ತಿಳಿಯಿತು.

ಕಚ್ಚಾ ಹೊಲಿಗೆ ನಾನು ಅಂದೇ ಬಿಟ್ಟೆ. ಫೋನು ಹಿಡಿದು ಬರುವವರಿಗೆ ಈಗಲೂ ಎರಡು ಆಪ್‌ಗಳ ಸೀರೆ ತೂಗಿ ನೋಡಿ ಹೇಳುತ್ತೇನೆ. ಪಾರ್ಸೆಲ್ಲು ಬಂದರೆ ಬಾಗಿಲ ಬೆಳಕಿಗೆ ತಂದು ಅವರ ಮುಂದೆಯೇ ಅಂಚು ಸವರುತ್ತೇನೆ, ಕೈಗೆ ಸಿಕ್ಕದ್ದನ್ನು ಆಗಲೇ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದೊಂದೇ: ಬಟ್ಟೆಯ ಕುಂದು ಹೇಳುವುದು ಟೇಲರ್ ಕೆಲಸ, ಅದಕ್ಕೆ ದಾರಿ ಹುಡುಕುವುದು ಬಟ್ಟೆಯ ಒಡತಿಯ ಕೆಲಸ. ಬೇರೆ ದಾರಿಯೇ ಇಲ್ಲವೆಂದು ಆ ಗುರುವಾರ ನಾನೇ ತೀರ್ಮಾನ ಮಾಡಿಬಿಟ್ಟೆ. ಶರಣಮ್ಮನ ಟ್ರಂಕಿನಲ್ಲಿ ಏನಿದೆ ಎಂದು ನನಗೇನು ಗೊತ್ತಿತ್ತು?